ಹಾರಿದ ಇಪ್ಪತ್ತೊಂದು ಸೆಕೆಂಡು

ಹೋದ ತಿಂಗಳು ಅಜ್ಜಂಪುರಕ್ಕೆ ಹೋಗಿ, ಹಿಂದೆ ನನ್ನ ಅಂಗಡಿಯಲ್ಲಿದ್ದು ಈಗ ತೀರಿಕೊಂಡ ಹಿರಿಯರೊಬ್ಬರ ಶಿವಗಣಾರಾಧನೆಯ ಊಟಕ್ಕೆ ಕೂತು ಬಂದೆ. ಎಲೆಯಲ್ಲಿ ಅರ್ಧ ಊಟ ಹಾಗೇ ಬಿಟ್ಟು ಎದ್ದೆ. ಯಾಕೆ ಅನ್ನುವುದನ್ನು ಹೇಳುತ್ತೇನೆ, ಆದರೆ ಮೊದಲು ಅವರು ಎಂಥ ಮನುಷ್ಯ ಅಂತ ನಿಮಗೆ ಗೊತ್ತಾಗಬೇಕು.

ನನ್ನದು ತರೀಕೆರೆ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಕಂಪ್ಯೂಟರ್ ಅಂಗಡಿ. ಓದಿದ್ದು ಎಸ್ಸೆಸ್ಸೆಲ್ಸಿ, ಅದೂ ಎರಡನೇ ಸಲಕ್ಕೆ. ಆಫೀಸುಗಳ ಹರಾಜಿನಲ್ಲಿ ಸತ್ತ ಮೆಷಿನ್ನುಗಳ ರಾಶಿಯನ್ನು ಕೂಗಿ ಹಿಡಿದು, ಒರೆಸಿ, ಜೀವ ತುಂಬಿ ಮಾರಿ ಮೇಲೆ ಬಂದವನು. ಮಾತಾಡುವುದು ನನಗೆ ಬರುತ್ತದೆ, ರಿಪೇರಿ ಅಷ್ಟಾಗಿ ಬರುವುದಿಲ್ಲ. ಅದಕ್ಕೇ ಅವರು ಬೇಕಾದರು.

ಅಜ್ಜಂಪುರದಲ್ಲಿ ಅವರದು ಟೀವಿ ರಿಪೇರಿ ಅಂಗಡಿ ಇತ್ತು. ದಪ್ಪ ಟೀವಿಗಳ ಕಾಲ ಮುಗಿದು ಗೋಡೆಗೆ ನೇತುಹಾಕುವ ಟೀವಿ ಬಂದ ಮೇಲೆ, ಕೆಟ್ಟರೆ ಎಸೆಯುವವರೇ ಹೆಚ್ಚಾಗಿ, ಅಂಗಡಿ ಮುಚ್ಚಿದರು. ಐವತ್ತು ದಾಟಿದ ಮೇಲೆ ಒಂದು ಬೆಳಿಗ್ಗೆ ಬಟ್ಟೆ ಚೀಲ ಹಿಡಿದುಕೊಂಡು ನನ್ನಲ್ಲಿಗೆ ಬಂದರು. ಹಣೆಗೆ ವಿಭೂತಿ, ಜೇಬಿನಲ್ಲಿ ಸೀಸದ ಕಡ್ಡಿ. ನಾನು ಸಂಬಳದ ಮಾತು ತೆಗೆದೆ. ಕಮ್ಮಿ ಹೇಳಿದರೆ ಏರಿಸುತ್ತಾರೆ, ಮಧ್ಯದಲ್ಲೆಲ್ಲೋ ನಿಲ್ಲೋಣ ಅಂತ ನನ್ನ ಲೆಕ್ಕ. ಅವರು ಮೊದಲು ಹೇಳಿದ್ದಕ್ಕೇ "ಆಯ್ತು" ಅಂದುಬಿಟ್ಟರು. ನನಗೆ ಒಂಥರಾ ಆಯಿತು. ಚೌಕಾಸಿ ಮಾಡದವರ ಹತ್ತಿರ ವ್ಯವಹಾರ ಮಾಡುವುದು ಬಹಳ ಕಷ್ಟ, ಬೇಕಾದರೆ ನೀವೇ ಮಾಡಿ ನೋಡಿ.

"ಒಂದೇ ಒಂದು ಮಾತು," ಅಂದರು. "ನನಗೆ ಅವಸರ ಮಾಡ್ಬೇಡಿ ಸಾವ್ಕಾರ್ರೇ."

ಅವತ್ತು ಎರಡು ಸಾವಿರದ ಬಾಡಿಗೆ ಮಳಿಗೆಯಲ್ಲಿದ್ದ ನನ್ನನ್ನು ಸಾವ್ಕಾರ್ರೇ ಅಂದದ್ದು ಗೇಲಿಗೋ ಮರ್ಯಾದೆಗೋ ನನಗೆ ಕೊನೆಯವರೆಗೂ ತಿಳಿಯಲಿಲ್ಲ. ನಾನು ಅವರನ್ನು ಅಣ್ಣ ಅಂತಿದ್ದೆ.

ಚೀಲದಿಂದ ಮೊದಲು ಆಚೆ ಬಂದದ್ದು ಒಂದು ಕನ್ನಡಿ. ಗಿರಾಕಿಗಳಿಗೆ ನಗು. "ಏನ್ ಯಜಮಾನ್ರೇ, ಬಾಚೋಕೆ ಏನಿದೆ ಅಂತ ಕನ್ನಡಿ?" ಅಂತ ಅವರ ಬೋಳು ತಲೆ ನೋಡಿ ಕಿಚಾಯಿಸೋರು. ಅಸಲು ವಿಷಯ ಬೇರೆ. ಹಳೇ ಟೀವಿಯನ್ನು ಹಿಂದಿನಿಂದ ಬಿಚ್ಚಿ ಸರಿಮಾಡಬೇಕು, ಚಿತ್ರ ಬರುವುದು ಮುಂದೆ. ಎದುರಿಗೆ ಕನ್ನಡಿ ಇಟ್ಟುಕೊಂಡರೆ ಹಿಂದೆ ಕೈ ಆಡಿಸುತ್ತಲೇ ಮುಂದಿನ ಚಿತ್ರ ನೋಡಬಹುದು. ನಮ್ಮಲ್ಲಿ ಅದರ ಕೆಲಸವಿರಲಿಲ್ಲ. ಆದರೂ ಮೇಜಿನ ಮೇಲೆ ಇಟ್ಟುಕೊಂಡಿದ್ದರು. "ನಾವು ಏನೋ ತಿರುವ್ತೀವಿ, ಅತ್ಲಾಗೆ ಏನಾಗ್ತಿದೆ ಅಂತ ನೋಡ್ಕೋಬೇಕಲ್ವಾ" ಅಂತಿದ್ದರು.

ಕಂಪ್ಯೂಟರನ್ನು ಅವರು ಕಲಿತದ್ದು ಹಾಗೇ, ತಿರುವಿ ನೋಡಿ. ಪ್ರತಿ ಸಲ ಒಂದೇ ಒಂದು ಬದಲಾವಣೆ. ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ ಸೀಸದ ಕಡ್ಡಿಯಲ್ಲಿ ಬರೆದುಕೊಂಡು, ನೋಡಿ, ಆಗದಿದ್ದರೆ ಮೊದಲಿದ್ದ ಹಾಗೆ ಮಾಡಿ, ಆಮೇಲೆ ಮುಂದಿನದು. ನಾನು ನಾಲ್ಕು ಒಟ್ಟಿಗೆ ಬದಲಿಸಿ, ಸರಿಹೋದರೆ ಗಿರಾಕಿಯನ್ನು ಕಳಿಸುವವನು. "ಸರಿಹೋಯ್ತಲ್ಲ ಅಣ್ಣ" ಅಂದರೆ, "ಯಾವುದರಿಂದ ಸರಿಹೋಯ್ತು?" ಅಂತ ಕೇಳೋರು. ನಾನು ಮುಂದಿನ ಗಿರಾಕಿ ಕಡೆ ತಿರುಗುತ್ತಿದ್ದೆ. "ಹಂಗಾದ್ರೆ ಅದು ನಾಳೆ ವಾಪಸ್ ಬತ್ತದೆ ಬಿಡಿ." ಬರುತ್ತಲೂ ಇತ್ತು.

ಒಂದು ಸಲ ಲಕ್ಕವಳ್ಳಿಯ ಕಡೆಯಿಂದ ಒಬ್ಬರು ಹೈಸ್ಕೂಲ್ ಮೇಡಂ ವಿಜ್ಞಾನದ ಪಾಠದ ಹಳೇ ಸಿಡಿಗಳನ್ನು ತಂದರು. ಸಿಡಿಯ ಜೊತೆಗೆ ಬಂದ ಪ್ರೋಗ್ರಾಂ ಹಳೇ ವಿಂಡೋಸಿನಲ್ಲಿ ಮಾತ್ರ ಓಡುತ್ತದೆ, ಶಾಲೆಯ ಮೆಷಿನ್ನು ಹೊಸದು. ಇಂಥದ್ದಕ್ಕೆ ದಾರಿ ಅಂದರೆ ವರ್ಚುವಲ್ ಮೆಷಿನ್. ಹೊಸ ಕಂಪ್ಯೂಟರಿನ ಒಳಗೆ ಒಂದು ಕಿಟಕಿ ತೆರೆದು, ಅದರೊಳಗೆ ಹಳೇ ಕಂಪ್ಯೂಟರ್ ಒಂದನ್ನು ಪೂರ್ತಿಯಾಗಿ ಓಡಿಸುವುದು. ಅಣ್ಣ ಅದನ್ನು ಮಾಡಿದರು. ಪಾಠ ಶುರುವಾಯಿತು, ದನಿ ಬಂತು, ಪರದೆ ಪೂರ್ತಿ ಕಪ್ಪು.

"ಮಾತು ಬರ್ತಿದೆ, ಮುಖ ಕಾಣ್ತಿಲ್ಲ," ಅಂದರು ಮೇಡಂ. "ನಮ್ಮ ಬೀಗ್ರು ಫೋನ್ ಮಾಡ್ದಂಗೆ ಆಯ್ತು."

"ಒಳಗಿರೋ ಮೆಷಿನ್ನು ಅಂದ್ರೆ ಬಾಡಿಗೆ ಮನೆಯವರಿದ್ದಂಗೆ ಮೇಡಂ," ಅಂತ ಅಣ್ಣ ಅವರಿಗೆ ಹೇಳಿಕೊಟ್ಟದ್ದನ್ನು ನಾನು ಆಮೇಲೆ ನೂರು ಗಿರಾಕಿಗಳಿಗೆ ನನ್ನದೇ ಮಾತು ಅನ್ನೋ ಹಾಗೆ ಹೇಳಿದ್ದೇನೆ. "ಅವರಿಗೆ ಮನೆ ತಮ್ದೇ ಅನ್ನಿಸ್ತದೆ. ಆದ್ರೆ ಕರೆಂಟು, ನೀರು ಎಲ್ಲಾ ಹೊರಗಿರೋ ಯಜಮಾನ ಬಿಟ್ಟಷ್ಟೇ. ಚಿತ್ರ ಬಿಡ್ಸೋಕೆ ಬೇಕಾದ ಜಾಗ ಇವನಿಗೆ ಕೊಟ್ಟಿಲ್ಲ. ಅದಕ್ಕೇ ಕತ್ತಲಲ್ಲಿ ಕೂತು ಬರೀ ಮಾತಾಡ್ತಾನೆ."

"ಹಂಗಾದ್ರೆ ಕೊಡ್ರೀ ಜಾಗ."

"ಎಷ್ಟು ಕೊಡ್ಬೇಕು ಅಂತ ಅವನನ್ನೇ ಕೇಳ್ತಿದ್ದೀನಿ. ಅವ ಹೇಳೋಕೆ ಎರಡು ದಿನ ತಗೋತಾನೆ."

ಮೂರು ದಿನ ತಗೊಂಡ. ನಾನು ಒಳಗೊಳಗೇ ಬೈದುಕೊಂಡೆ. ಆದರೆ ಮೇಡಂ ಆಮೇಲೆ ಐದು ಶಾಲೆಯವರನ್ನು ನಮ್ಮ ಅಂಗಡಿಗೆ ಕಳಿಸಿದರು.

ನೀವು ಯಾರಾದರೂ ಇಂಥ ಕೆಲಸಕ್ಕೆ ಕೈ ಹಾಕುವವರಿದ್ದರೆ ಅವರ ಕ್ರಮ ಹೇಳುತ್ತೇನೆ, ಬರೆದಿಟ್ಟುಕೊಳ್ಳಿ. ಒಳಗಿನ ಮೆಷಿನ್ನಿನಲ್ಲಿ ವೀಡಿಯೋ ತಡವರಿಸಿದರೆ ಮೊದಲು ಬೇರೊಂದು ವೀಡಿಯೋ ಓಡಿಸಿ ನೋಡಬೇಕು, ಕೆಟ್ಟದ್ದು ಫೈಲೋ ಮೆಷಿನ್ನೋ ತಿಳಿಯುತ್ತದೆ. ಪೆನ್‌ಡ್ರೈವಿನಿಂದಲೋ ಹೊರಗಿನ ಫೋಲ್ಡರಿನಿಂದಲೋ ನೇರವಾಗಿ ಓಡಿಸಬಾರದು, ಒಳಗೆ ಕಾಪಿ ಮಾಡಿಕೊಂಡು ಓಡಿಸಬೇಕು. ಒಳಗಿನವನಿಗೆ ಚಿತ್ರದ ಡ್ರೈವರ್ ಅನ್ನುವ ಪ್ರೋಗ್ರಾಂ ಹಾಕಿದ್ದೀರಾ, ಚಿತ್ರಕ್ಕೆ ಅಂತ ಮೆಮೊರಿ ಬಿಟ್ಟಿದ್ದೀರಾ ನೋಡಬೇಕು. ಆಗಲೂ ಆಗದಿದ್ದರೆ ಕಿಟಕಿ ಚಿಕ್ಕದು ಮಾಡಬೇಕು. ಎಲ್ಲಕ್ಕಿಂತ ಮುಖ್ಯ, ತಡವರಿಸುತ್ತಿರುವ ವೀಡಿಯೋ ನೋಡಿ ಏನನ್ನೂ ನಂಬಬಾರದು. ಮೆಷಿನ್ನಿಗೆ ಚಿತ್ರ ಬಿಡಿಸುವ ಶಕ್ತಿ ಸಾಲದಿದ್ದಾಗ ಅದು ನಿಲ್ಲುವುದಿಲ್ಲ, ನಡುವಿನ ಚಿತ್ರಗಳನ್ನು ಸುಮ್ಮನೆ ಬಿಟ್ಟು ಮುಂದಕ್ಕೆ ಹಾರುತ್ತದೆ. ನೋಡುವವನಿಗೆ ಹಾರಿದ್ದು ಗೊತ್ತೇ ಆಗುವುದಿಲ್ಲ.

ಈ ಕೊನೆಯದನ್ನು ಅವರು ನನಗೆ ಹೇಳಿದ್ದರು. ಬಾಯಿಬಿಟ್ಟು, ನನ್ನ ಕೈ ಹಿಡಿದು ಹೇಳಿದ್ದರು.

ಅವರು ನನ್ನಲ್ಲಿ ಆರು ವರ್ಷ ಕೆಲಸ ಮಾಡಿದ ಮೇಲಿನ ಮಾತು. ಕಡೂರಿನ ಒಬ್ಬ ಕೊಬ್ಬರಿ ಮಂಡಿ ಸಾಹುಕಾರರು ಫೋನ್ ಮಾಡಿದರು. ಮಂಡಿಯಿಂದ ಒಂದು ಚೀಲ ಕೊಬ್ಬರಿ ಕಾಣೆಯಾಗಿದೆ, ತೂಕದವನ ಮೇಲೆ ಅನುಮಾನ. ಆ ತೂಕದವನು ಬುಕ್ಕಾಂಬುದಿಯವನು, ಅಲ್ಲೇ ಹನ್ನೆರಡು ವರ್ಷದಿಂದ ಇದ್ದ. ಮಂಡಿಯ ಕ್ಯಾಮೆರಾ ಯಾವುದೋ ಕಾಲದ್ದು. ಅದರ ವೀಡಿಯೋ ತನ್ನದೇ ಆದ ಹಳೇ ಪ್ರೋಗ್ರಾಮಿನಲ್ಲಿ ಬಿಟ್ಟರೆ ಎಲ್ಲೂ ತೆರೆಯದು. ಪೆನ್‌ಡ್ರೈವು ಬೆಳಿಗ್ಗೆ ಬಸ್ಸಿನಲ್ಲಿ ಬಂತು. ಅಣ್ಣ ಅಂಗಡಿಯ ಲ್ಯಾಪ್‌ಟಾಪಿನಲ್ಲಿ ಒಳಗೊಂದು ಹಳೇ ಮೆಷಿನ್ ಮಾಡಿ, ಆ ಪ್ರೋಗ್ರಾಂ ಹಾಕಿ, ಮಧ್ಯಾಹ್ನದ ಹೊತ್ತಿಗೆ ಚಿತ್ರ ಬರಿಸಿದರು.

ಚಿತ್ರ ಬಂತು, ಆದರೆ ತಡವರಿಸಿಕೊಂಡು. ತೂಕದವನು ಚೀಲ ಹೆಗಲಿಗೇರಿಸಿ ಬಾಗಿಲ ಕಡೆ ನಡೆಯುತ್ತಾನೆ. ಬಾಗಿಲಲ್ಲಿ ಒಂದು ಗೂಡ್ಸ್ ಆಟೋ. ಚಿತ್ರ ನಿಂತುಬಿಡುತ್ತದೆ. ಮತ್ತೆ ಕದಲಿದಾಗ ಅವನ ಹೆಗಲ ಮೇಲೆ ಚೀಲವಿಲ್ಲ, ಬಾಗಿಲಲ್ಲಿ ನಿಂತು ಕೈ ಒರೆಸಿಕೊಳ್ಳುತ್ತಿದ್ದಾನೆ, ಆಟೋ ಹೊರಡುತ್ತಿದೆ.

"ಸಿಕ್ದ ನೋಡಿ," ಅಂದೆ.

"ಯಾರೂ ಸಿಕ್ಕಿಲ್ಲ. ಮೂಲೇಲಿರೋ ಟೈಮ್ ನೋಡಿ ಸಾವ್ಕಾರ್ರೇ. ಐದು ನಲವತ್ತೆರಡು, ಹತ್ತು ಸೆಕೆಂಡು. ಈಗ ನೋಡಿ, ಮೂವತ್ತೊಂದು. ಇಪ್ಪತ್ತೊಂದು ಸೆಕೆಂಡ್ ಎಲ್ಲಿ ಹೋಯ್ತು?"

"ಅದು ಹಾರುತ್ತಪ್ಪ, ನೀವೇ ಹೇಳ್ತಿರ್ತೀರಲ್ಲ."

"ಹಾರಿದ್ರಲ್ಲೇ ಇರೋದು ವಿಷ್ಯ," ಅಂತ ನನ್ನ ಮುಂಗೈ ಹಿಡಿದುಕೊಂಡರು. "ನಾಳೆ ಸಾಯಂಕಾಲದವರೆಗೆ ಟೈಮ್ ಕೊಡಿ. ಇದನ್ನ ನೋಡಿ ಯಾರೂ ತೀರ್ಮಾನ ಮಾಡ್ಬಾರ್ದು."

ಆಗ ಫೋನ್ ಬಂತು. ಮಂಡಿ ಸಾಹುಕಾರರು. "ಏನ್ರೀ, ಆಯ್ತಾ ಇಲ್ವಾ? ಇಲ್ಲಿ ಹಮಾಲ್ರೆಲ್ಲ ಕಾದವ್ರೆ. ನಿಮ್ಮ ಕೈಲಾಗಲ್ಲ ಅಂದ್ರೆ ಹೇಳಿ, ಶಿವಮೊಗ್ಗಕ್ಕೆ ಕಳಿಸ್ತೀನಿ." ಅವರ ಹೊಸ ಗೋದಾಮಿಗೆ ಎಂಟು ಕ್ಯಾಮೆರಾ ಹಾಕುವ ಕೆಲಸದ ಮಾತು ನಡೆಯುತ್ತಿತ್ತು. ಅದು ಶಿವಮೊಗ್ಗದವರ ಪಾಲಾಗುವುದು ನನಗೆ ಬೇಕಿರಲಿಲ್ಲ.

ಅಣ್ಣ ಊಟಕ್ಕೆ ಎದ್ದು ಹೋದರು. ನಾನು ನನ್ನ ಮೊಬೈಲು ಹಿಡಿದು, ಪರದೆಯ ಮೇಲೆ ಓಡುತ್ತಿದ್ದ ಆ ತಡವರಿಸುವ ವೀಡಿಯೋವನ್ನೇ ರೆಕಾರ್ಡ್ ಮಾಡಿ ಸಾಹುಕಾರರಿಗೆ ವಾಟ್ಸಾಪಿನಲ್ಲಿ ಕಳಿಸಿದೆ. ಮೂಲೆಯ ಟೈಮು ಕಾಣದ ಹಾಗೆ ಹತ್ತಿರದಿಂದ ತೆಗೆದೆನೋ, ಅಥವಾ ಅದು ತಾನಾಗಿ ಆಚೆ ಉಳಿಯಿತೋ, ಈಗಲೂ ನನಗೆ ನಾನೇ ಗಟ್ಟಿಯಾಗಿ ಹೇಳಿಕೊಳ್ಳಲಾರೆ. ಒಳಗಿನ ಮೆಷಿನ್ನಿನಲ್ಲಿದ್ದಾಗ ಅದು ಸರಿಮಾಡಬಹುದಾದ ತಡವರಿಕೆ. ನನ್ನ ಮೊಬೈಲಿಗೆ ಬಂದ ಮೇಲೆ ಅದೇ ಸಾಕ್ಷಿ. ಅರ್ಧ ಗಂಟೆಯಲ್ಲಿ ಅದು ಮಂಡಿಯ ಗ್ರೂಪಿಗೆ ಹೋಯಿತು. ಸಂಜೆಯೊಳಗೆ ಕಡೂರಿನ ಹಮಾಲರ ಮೊಬೈಲಿನಲ್ಲೆಲ್ಲ ಅದೇ. ಮಾರನೇ ದಿನ ತೂಕದವನನ್ನು ಕೆಲಸದಿಂದ ಬಿಡಿಸಿದರು. ಕೆಲಸ ಹೋದದ್ದು ಒಂದು ಕಡೆ, ಕಳ್ಳ ಅನ್ನಿಸಿಕೊಂಡದ್ದು ಇನ್ನೊಂದು ಕಡೆ.

ಅಣ್ಣ ಹೇಳಿದ ಹಾಗೇ ಮಾರನೇ ದಿನ ಸಂಜೆ ಕರೆದರು. "ಬನ್ನಿ ಸಾವ್ಕಾರ್ರೇ, ನೋಡಿ." ಚಿತ್ರ ಎಣ್ಣೆ ಹಚ್ಚಿದ ಹಾಗೆ ಓಡುತ್ತಿತ್ತು. ನಾನು ಫೋನಿನಲ್ಲಿ ಇನ್ಯಾರೊಂದಿಗೋ ಮಾತಾಡುತ್ತಿದ್ದೆ. ಒಂದು ಕಣ್ಣು ಹಾಯಿಸಿ ಹ್ಞೂಂ ಅಂದೆ.

"ಚೀಲ ಹೊರಗೆ ಹೋಗಿಲ್ಲ. ಬಾಗಿಲ ತನಕ ತಗೊಂಡೋಗಿ, ಬೆಳಕಲ್ಲಿ ನೋಡಿ, ವಾಪಸ್ ತಂದು ಪಕ್ಕದ ಮೂಲೇಲಿರೋ ಹಳೇ ತಕ್ಕಡಿ ಹಿಂದಕ್ಕೆ ಇಟ್ಟು, ತಿರುಗಿ ಬಾಗಿಲಿಗೆ ಬಂದವ್ನೆ. ಹೊಲಿಗೆ ಬಿಚ್ಚಿತ್ತು ಅಂತ ಕಾಣ್ತದೆ. ಆಟೋದವ್ನು ಬೇರೆ ಯಾವ್ದಕ್ಕೋ ನಿಂತಿದ್ದ."

ನಾನು ಫೋನ್ ಇಟ್ಟೆ.

"ನಡೀರಿ, ಕಡೂರಿಗೆ ಹೋಗಾಣ," ಅಂದರು. "ನೀವು ಕಳಿಸಿದ್ದು ನನ್ನ ಮೊಬೈಲಿಗೂ ಬಂದದೆ. ಅವನನ್ನ ಎಲ್ಲರ ಮುಂದೆ ತೋರ್ಸಿದ್ದು ನೀವು. ಎಲ್ಲರ ಮುಂದೆ ನೀವೇ ಹೇಳ್ಬೇಕು."

ನಾನು ಏನೆಂದೆ ಗೊತ್ತೇ? ಆಗಿದ್ದು ಆಗೋಯ್ತು ಅಣ್ಣ, ಈಗ ಹೋಗಿ ನಾನು ಕಳಿಸಿದ್ದೇ ತಪ್ಪು ಅಂದ್ರೆ ನಾಳೆ ನಮ್ಮ ಕ್ಯಾಮೆರಾ ಯಾರು ನಂಬ್ತಾರೆ, ಸ್ವಲ್ಪ ತಣ್ಣಗಾಗಲಿ ಅಂದೆ. ವ್ಯಾಪಾರಸ್ಥನ ಬುದ್ಧಿ ಹಾಗೇ ಓಡುವುದು. ನಿಮಗೂ ಅಂಥ ಬುದ್ಧಿ ಇದ್ದರೆ ಅದು ಯಾವಾಗ ಸುಮ್ಮನಿರಬೇಕು ಅಂತ ಈಗಲೇ ಕಲಿಸಿಡಿ.

ಅವರು ಮಾರನೇ ದಿನ ಒಬ್ಬರೇ ಬಸ್ ಹತ್ತಿ ಕಡೂರಿಗೆ ಹೋಗಿ ಬಂದರು. "ಏನಂದ್ರು?" ಅಂತ ಕೇಳಿದೆ.

"ಕೆಲಸಕ್ಕಿರೋನ ಮಾತು ಬೇಡಂತೆ. ನಿಮ್ಮ ಸಾವ್ಕಾರ್ರು ಬಂದು ಹೇಳ್ಲಿ ಅಂದ್ರು."

"ಮುಂದಿನ ವಾರ ಹೋಗಾಣ ಬಿಡಿ."

ಆಮೇಲೆ ಪ್ರತಿ ಸೋಮವಾರ ಬೆಳಿಗ್ಗೆ ಚೀಲವನ್ನು ಮೊಳೆಗೆ ನೇತುಹಾಕುತ್ತಾ "ಇವತ್ತು ಕಡೂರು?" ಅನ್ನುತ್ತಿದ್ದರು. ಬರೀ ಅಷ್ಟೇ, ಎರಡು ಶಬ್ದ. ಒಂದು ಸೋಮವಾರ ನನಗೆ ಬೀರೂರಿನಲ್ಲಿ ಹರಾಜಿತ್ತು. ಇನ್ನೊಂದು ಸೋಮವಾರ ಮನೆಯಲ್ಲಿ ನೆಂಟರು. ಮತ್ತೊಂದು ಸೋಮವಾರ ಏನು ಕಾರಣ ಹೇಳಿದೆನೋ ನನಗೇ ನೆನಪಿಲ್ಲ. ಗೋದಾಮಿನ ಕ್ಯಾಮೆರಾ ಹಾಕುವುದಕ್ಕೂ ಬೇರೆ ಹುಡುಗರನ್ನೇ ಕಳಿಸಿದೆ. ನಡುವೆ ಒಂದು ಭಾನುವಾರ ಲ್ಯಾಪ್‌ಟಾಪ್ ಮನೆಗೆ ತಗೊಂಡು ಹೋಗುತ್ತೇನೆ ಅಂದರು, ಕೊಟ್ಟೆ, ಯಾಕೆ ಅಂತ ಕೇಳಲಿಲ್ಲ. ಐದನೇ ಸೋಮವಾರ ಅವರು ಏನೂ ಕೇಳಲಿಲ್ಲ. ನನಗೆ ಹಾಯೆನಿಸಿತು. ಆ ತಿಂಗಳ ಕೊನೆಗೆ ಕೈಲಿದ್ದ ರಿಪೇರಿಯನ್ನೆಲ್ಲ ಮುಗಿಸಿ, ಕನ್ನಡಿಯನ್ನು ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು, "ದಿನಾ ಬಸ್ಸಿನ ಓಡಾಟ ಆಗ್ತಿಲ್ಲ" ಅಂತ ಹೊರಟರು. ನಾನು ಸಂಬಳ ಏರಿಸುತ್ತೇನೆ ಅಂದೆ. ನನ್ನನ್ನು ಒಂದು ಗಳಿಗೆ ನೋಡಿದರು. ಆ ನೋಟದಲ್ಲಿ ಸಿಟ್ಟಿದ್ದಿದ್ದರೆ ಚೆನ್ನಾಗಿತ್ತು.

ಆಮೇಲಿನ ಐದು ವರ್ಷದಲ್ಲಿ ನಾಲ್ಕು ಸಲ ಸಿಕ್ಕಿರಬಹುದು, ಎಲ್ಲ ಬಸ್‌ಸ್ಟ್ಯಾಂಡಿನಲ್ಲೇ. ಊರಲ್ಲಿ ಮೊಬೈಲ್ ರಿಪೇರಿ ಮಾಡಿಕೊಂಡಿದ್ದರು. ಸಕ್ಕರೆ ಕಾಯಿಲೆ, ಮಗಳ ಮನೆ, ಮಳೆ, ಇಷ್ಟೇ ಮಾತು. ಕಡೂರಿನ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಶಿವಗಣಾರಾಧನೆಯ ದಿನ ಪಂಕ್ತಿಯಲ್ಲಿ ನನ್ನ ಪಕ್ಕ ಒಬ್ಬ ಕೂತ. ಇಟ್ಟಿಗೆ ಗೂಡಿನ ಕೆಂಪು ಧೂಳು ಉಗುರುಸಂದಿಯಲ್ಲಿ ಉಳಿದಿತ್ತು. ಪಾಯಸ ಬಡಿಸುವಾಗ ನನ್ನ ಕಡೆ ತಿರುಗಿ, "ತರೀಕೆರೆ ಕಂಪ್ಯೂಟರ್ ಅಂಗಡಿಯವ್ರಲ್ವಾ ಸ್ವಾಮಿ? ನಾನು ಬುಕ್ಕಾಂಬುದಿ. ಮುಂಚೆ ಕಡೂರಲ್ಲಿ ತೂಕಕ್ಕಿದ್ದೆ," ಅಂದ.

ನಾನು ಬಡಿಸುವವನಿಗೆ ಸಾಕು ಅಂತ ಕೈ ಅಡ್ಡ ಹಿಡಿದೆ.

"ಈ ಯಜಮಾನ್ರು ಒಂದು ಭಾನುವಾರ ನಮ್ಮನೆ ಹುಡುಕ್ಕೊಂಡು ಬಂದಿದ್ರು," ಅಂತ ಅವನೇ ಮುಂದುವರಿಸಿದ. "ಹೆಂಡ್ತಿ, ಅವ್ವ, ನನ್ನ ಭಾವ, ಎಲ್ರನ್ನೂ ಕೂರ್ಸಿ ಆ ವೀಡಿಯೋ ತೋರ್ಸುದ್ರು. ಅವ್ವಂಗೆ ಕಣ್ಣು ಮಂಜು, ಅವಳಿಗೆ ಅಂತ ಇನ್ನೊಂದ್ಸಲ ಹಾಕಿದ್ರು. ಮನೇಲಿ ಎಲ್ರೂ ನೋಡುದ್ರು. ಮಂಡೀಲಿ ಯಾರೂ ನೋಡ್ಲಿಲ್ಲ. ಆಮೇಲೆ ನಾನು ಆ ಕಡೆ ಹೋಗ್ಲಿಲ್ಲ ಬಿಡಿ." ಸಾರು ಬಂತು, ಎಲೆ ಮುಂದೆ ಮಾಡಿದ. ಆಮೇಲೆ, ಸುಮ್ಮನೆ ತಿಳಿದುಕೊಳ್ಳುವವನ ಹಾಗೆ, "ನೀವು ಪೂರ್ತಿ ನೋಡಿದ್ರಾ?" ಅಂತ ಕೇಳಿದ.

ಜೀವಮಾನವೆಲ್ಲ ಮಾತಿಗೆ ಮಾತು ಜೋಡಿಸಿ ಬದುಕಿದವನು ನಾನು. "ಇಲ್ಲ" ಅಂತ ಎರಡೇ ಅಕ್ಷರ ಹೇಳಿದೆ.

"ಹನ್ನೊಂದೇ ನಿಮಿಷ," ಅಂದ, ಊಟ ಮುಂದುವರಿಸಿದ.

ತರೀಕೆರೆಗೆ ಬಂದವನೇ ಅಂಗಡಿಯ ಅಟ್ಟದಿಂದ ಆ ಲ್ಯಾಪ್‌ಟಾಪ್ ಇಳಿಸಿದೆ. ಬ್ಯಾಟರಿ ಸತ್ತಿತ್ತು, ಚಾರ್ಜರ್ ಹಾಕಿ ತೆರೆದೆ. ಅಣ್ಣನ ಆ ಒಳಗಿನ ಮೆಷಿನ್ ಹಾಗೇ ಇತ್ತು. ಹೆಸರು ಬದಲಿಸಿದ್ದರು: "ಸಾವ್ಕಾರ್ರು ನೋಡೋಕೆ". ವರ್ಚುವಲ್ ಮೆಷಿನ್ನಿನಲ್ಲಿ ಒಂದು ಅನುಕೂಲವಿದೆ, ಆರಿಸದೆ ಇದ್ದ ಸ್ಥಿತಿಯಲ್ಲೇ ಮಲಗಿಸಿಡಬಹುದು. ಎಬ್ಬಿಸಿದೆ. ವೀಡಿಯೋ ಮೊದಲ ಚಿತ್ರದಲ್ಲಿ ನಿಂತು ಕಾಯುತ್ತಿತ್ತು. ಒಳಗಿನ ತಾರೀಕು ಒಂದು ಕ್ಷಣ ಐದು ವರ್ಷದ ಹಿಂದಿನದನ್ನು ತೋರಿಸಿ, ಆಮೇಲೆ ಆ ದಿನದ್ದಕ್ಕೆ ಬಂತು. ನಾನು ಓಡಿಸಲಿಲ್ಲ. ಎಲ್ಲಿ ನೋಡಬೇಕಿತ್ತೋ ಅಲ್ಲೇ ನೋಡಬೇಕು ಅನ್ನಿಸಿತು.

ಮಾರನೇ ದಿನ ಸೋಮವಾರ. ಕಡೂರಿಗೆ ಹೋದೆ.

ಮಂಡಿ ಸಾಹುಕಾರರು ದಿಂಬಿಗೆ ಒರಗಿ ಕೂತಿದ್ದರು. "ಬನ್ನಿ ಬನ್ನಿ, ಏನು ಅಪರೂಪ! ಕ್ಯಾಮೆರಾ ಚೆನ್ನಾಗವೆ ಕಣ್ರೀ."

"ಕ್ಯಾಮೆರಾಕ್ಕೆ ಬರ್ಲಿಲ್ಲ. ಆ ತೂಕದವನ ವಿಷಯ. ನಾನು ಕಳಿಸಿದ ವೀಡಿಯೋ ತಪ್ಪು. ಅವನು ಚೀಲ ತಗೊಂಡಿರ್ಲಿಲ್ಲ."

"ಅಯ್ಯೋ, ಅದಾ? ಆ ಚೀಲ ಸಿಕ್ತಲ್ರೀ!"

"ಯಾವಾಗ?"

"ಆವಾಗ್ಲೇ. ನಿಮ್ಮೋರು ಬಂದು ಹೇಳಿಹೋದ್ರಲ್ಲ, ಬೋಳು ತಲೆಯವ್ರು. ಎದುರಿಗೆ ಬೈದು ಕಳಿಸ್ದೆ. ಆದ್ರೂ ಮನಸ್ಸು ತಡೀಲಿಲ್ಲ, ಮಾರನೇ ದಿನ ತಕ್ಕಡಿ ಸರಿಸಿ ನೋಡ್ಸಿದೆ. ಹಿಂದೇನೇ ಇತ್ತು. ಹೊಲಿಗೆ ಬಿಚ್ಕೊಂಡಿತ್ತು."

"ಮತ್ತೆ ಅವನನ್ನ ಕರೀಲಿಲ್ವಾ?"

ಸಾಹುಕಾರರು ದಿಂಬು ಸರಿಮಾಡಿಕೊಂಡರು. "ಹೆಂಗ್ರೀ ಕರೆಯೋದು? ಎಲ್ಲರ ಮೊಬೈಲಲ್ಲೂ ಅವನು ಕಳ್ಳ. ನಾನಾಗಿ ಕರೆದ್ರೆ ತಪ್ಪು ನಂದಾಗ್ತಿತ್ತು. ನೀವು ಬಂದು ವೀಡಿಯೋ ಸರಿ ಇರ್ಲಿಲ್ಲ ಅಂತ ಒಂದು ಮಾತು ಅಂದಿದ್ರೆ ಅವತ್ತೇ ಗಾಡಿ ಕಳಿಸಿ ಕರೆಸ್ತಿದ್ದೆ. ಎರಡು ತಿಂಗಳು ಬೇರೆಯೋರನ್ನ ಹಾಕ್ದೆ ಇದ್ದೆ. ಬರ್ತೀರಿ ಬರ್ತೀರಿ ಅಂದ್ಕಂಡೆ. ನೀವು ಬರ್ಲಿಲ್ಲ."

 ಲ್ಯಾಪ್‌ಟಾಪ್ ತೆರೆದು, ಚಾರ್ಜರ್ ಸಿಕ್ಕಿಸಿ, ಗದ್ದುಗೆಯ ಮೇಲಿಟ್ಟೆ. "ಹನ್ನೊಂದು ನಿಮಿಷ ಇದೆ, ದಯವಿಟ್ಟು ನೋಡಿ," ಅಂದೆ. ಮರ್ಯಾದೆಗೆ ಮುಂದಕ್ಕೆ ಬಗ್ಗಿದರು. ಚಿತ್ರ ಎಲ್ಲೂ ನಿಲ್ಲದೆ ಓಡುತ್ತಿತ್ತು. ಎರಡು ನಿಮಿಷವಾಗಿತ್ತೇನೋ, ಯಾವುದೋ ಲಾರಿ ಬಂತು ಅಂತ ಹಮಾಲನೊಬ್ಬ ಕೂಗಿದ. "ನೋಡ್ತಿರಿ, ಬಂದೆ" ಅಂತ ಎದ್ದು ಹೋದರು, ತಿರುಗಿ ಬರಲಿಲ್ಲ.

ತೂಕದವನು ಚೀಲ ಹೊತ್ತು ಬಾಗಿಲಿಗೆ ಬಂದ. ಹೆಗಲಿಂದ ಇಳಿಸಿ, ಹೊರಗಿನ ಬೆಳಕಿಗೆ ತಿರುಗಿಸಿ, ಹೊಲಿಗೆಯ ಮೇಲೆ ಬೆರಳಾಡಿಸಿದ. ಕೆಳಗೆ ಬಿದ್ದಿದ್ದ ಒಂದು ಕೊಬ್ಬರಿ ಬಟ್ಟಲನ್ನು ಬಗ್ಗಿ ಎತ್ತಿ, ಧೂಳು ಊದಿ, ಚೀಲದೊಳಕ್ಕೆ ಹಾಕಿದ. ಆಮೇಲೆ ಎರಡೂ ಕೈಯಲ್ಲಿ ಚೀಲದ ಬಾಯಿ ಒತ್ತಿ ಹಿಡಿದು, ಒಂದು ಕೂಡ ಉದುರದ ಹಾಗೆ ಹುಷಾರಾಗಿ ಮೂಲೆಯ ಕಡೆಗೆ ಹೊತ್ತುಕೊಂಡು ಹೋದ. ಉಳಿದದ್ದನ್ನೂ ನಾನೊಬ್ಬನೇ ಕೂತು ನೋಡಿದೆ.